ಕೊಂಬಿನ ಆಯ್ಕೆ: ಒಂದು ತಳಿಯ ಶತಮಾನದ ಪಾಠ

ದನಗಳನ್ನು ಪಳಗಿಸಿದ ಕಾಲದಿಂದಲೂ ಮನುಷ್ಯ ಅವುಗಳ ಮೈಕಟ್ಟನ್ನು ತನ್ನ ಅಗತ್ಯಕ್ಕೆ ತಕ್ಕಂತೆ ತಿದ್ದುತ್ತಲೇ ಬಂದಿದ್ದಾನೆ. ಈ ತಿದ್ದುವಿಕೆಯಲ್ಲಿ ಗಳಿಸಿದ್ದು ಬೇಗ ಕಣ್ಣಿಗೆ ಬೀಳುತ್ತದೆ. ಕಳೆದುಕೊಂಡದ್ದು ತಿಳಿಯಲು ಹಲವು ತಲೆಮಾರುಗಳೇ ಬೇಕಾಗುತ್ತವೆ. ಅಮೆರಿಕದ ಮಾಂಸದ ದನಗಳಲ್ಲಿ ಕೊಂಬು ಇರಬೇಕೆ, ಬೇಡವೆ ಎಂದು ನಡೆದ ದೀರ್ಘ ಚರ್ಚೆಯನ್ನು ನಾವು ಈ ದೃಷ್ಟಿಯಿಂದ ನೋಡಬೇಕು.

ಇಂಗ್ಲೆಂಡಿನ ಹೆರೆಫರ್ಡ್‌ಶೈರ್ ಪ್ರಾಂತದ ಕೆಂಪು ಮೈಯ, ಬಿಳಿ ಮುಖದ, ಕೊಂಬುಳ್ಳ ದನಗಳನ್ನು 1817ರಲ್ಲಿ ರಾಜಕಾರಣಿ ಹೆನ್ರಿ ಕ್ಲೇ ಕೆಂಟಕಿಗೆ ತರಿಸಿದರು. ಮುಂದೆ ಅಮೆರಿಕದ ಹುಲ್ಲುಗಾವಲುಗಳಲ್ಲಿ ಈ ತಳಿ ಹಬ್ಬಿತು. 1881ರಲ್ಲಿ ತಳಿಗಾರರ ಸಂಘವೂ ಹುಟ್ಟಿತು. ಬಯಲಿನಲ್ಲಿ ಮೇಯುವ ದನಕ್ಕೆ ಕೊಂಬು ರಕ್ಷಣೆಯಾಗಿತ್ತು. ಆದರೆ 1865ರಲ್ಲಿ ಶಿಕಾಗೋದ ದೊಡ್ಡ ದನದ ಮಾರುಕಟ್ಟೆ ತೆರೆಯಿತು, ರೈಲುಹಾದಿಗಳು ಹರಡಿದವು, 1870ರ ದಶಕದಲ್ಲಿ ಮುಳ್ಳುತಂತಿಯ ಬೇಲಿ ಬಂತು. ಇಕ್ಕಟ್ಟಾದ ರೈಲು ಡಬ್ಬಿಗಳಲ್ಲಿ ಒಂದರ ಕೊಂಬು ಇನ್ನೊಂದರ ಪಕ್ಕೆಗೆ ಚುಚ್ಚುತ್ತಿತ್ತು. ಜಜ್ಜಿದ ಮಾಂಸವನ್ನು ಕತ್ತರಿಸಿ ಎಸೆಯಬೇಕಾಗುತ್ತಿತ್ತು, ಚರ್ಮದ ಬೆಲೆಯೂ ಇಳಿಯುತ್ತಿತ್ತು. ಹೀಗೆ ರಕ್ಷಣೆಯಾಗಿದ್ದ ಕೊಂಬು ನಷ್ಟದ ಬಾಬತ್ತಾಯಿತು.

ಸುಲಭದ ದಾರಿಯೆಂದರೆ ಕೊಂಬು ಕೊಯ್ಯುವುದು. ಆದರೆ ಕೊಂಬು ಉಗುರಿನಂತಹ ನಿರ್ಜೀವ ವಸ್ತುವಲ್ಲ. ಅದರೊಳಗೆ ಎಲುಬು, ರಕ್ತನಾಳ, ನರಗಳಿವೆ. ಎಳೆಗರುವಿನಲ್ಲಿ ಅದರ ಮೊಗ್ಗು ಚರ್ಮದಲ್ಲಷ್ಟೇ ಇರುತ್ತದೆ. ಕೆಲವು ತಿಂಗಳಲ್ಲಿ ಅದು ತಲೆಬುರುಡೆಗೆ ಅಂಟಿಕೊಳ್ಳುತ್ತದೆ. ಗರಗಸದಿಂದಲೋ ಕಾಯಿಸಿದ ಕಬ್ಬಿಣದಿಂದಲೋ ಅದನ್ನು ತೆಗೆಯುವಾಗ ಮೂಕ ಪ್ರಾಣಿ ಅನುಭವಿಸುವ ನೋವು ಸಣ್ಣದಲ್ಲ.

ಇದೇ ವೇಳೆಗೆ ಸ್ಕಾಟ್ಲೆಂಡಿನಲ್ಲಿ ಹುಟ್ಟಿನಿಂದಲೇ ಕೊಂಬಿಲ್ಲದ ಕಪ್ಪು ಆಂಗಸ್ ತಳಿ ಹೆಸರು ಮಾಡಿತ್ತು. 1873ರಲ್ಲಿ ಜಾರ್ಜ್ ಗ್ರಾಂಟ್ ಅಂತಹ ನಾಲ್ಕು ಹೋರಿಗಳನ್ನು ಕಾನ್ಸಾಸ್‌ಗೆ ತಂದರು. ಹೆರೆಫರ್ಡ್ ಸಾಕುವವರು ಈಗ ಇಕ್ಕಟ್ಟಿಗೆ ಸಿಕ್ಕಿದರು. ಬೇರೆ ತಳಿಯೊಡನೆ ಮಿಶ್ರಮಾಡಿದರೆ ಕೊಂಬು ಹೋಗುತ್ತದೆ, ಆದರೆ ಹುಟ್ಟಿದ ಕರುವಿಗೆ ಶುದ್ಧ ತಳಿಯ ವಂಶಾವಳಿ ಪುಸ್ತಕದಲ್ಲಿ ಜಾಗವಿರುವುದಿಲ್ಲ.

ಅಯೋವಾದ ವಾರನ್ ಗ್ಯಾಮನ್ ಮೂರನೆಯ ದಾರಿ ಹಿಡಿದರು. 1898ರ ಒಮಾಹಾ ಪ್ರದರ್ಶನದಲ್ಲಿ ಅವರು ಕೊಂಬಿಲ್ಲದ ಮಿಶ್ರ ಹೆರೆಫರ್ಡ್‌ಗಳನ್ನು ಕಂಡಿದ್ದರು. ಶುದ್ಧ ತಳಿಯಲ್ಲೇ ಅಪರೂಪಕ್ಕೆ ಕೊಂಬಿಲ್ಲದ ಕರು ಹುಟ್ಟಿರಬಹುದಲ್ಲವೆ ಎಂದು ಯೋಚಿಸಿ ಸಂಘದ ಸದಸ್ಯರಿಗೆಲ್ಲ ಪತ್ರ ಬರೆದರು. 1901ರಲ್ಲಿ ಅವರು ನೋಂದಾಯಿಸಿದ್ದು ಕೇವಲ 11 ದನಗಳನ್ನು.

ಕಾಲವೂ ಅವರಿಗೆ ಅನುಕೂಲವಾಗಿತ್ತು. 1900ರಲ್ಲಿ ಮೆಂಡೆಲನ ಅನುವಂಶಿಕತೆಯ ನಿಯಮಗಳು ಮತ್ತೆ ಬೆಳಕಿಗೆ ಬಂದಿದ್ದವು. ಕೊಂಬಿಲ್ಲದಿರುವುದು ಪ್ರಬಲ ಗುಣ, ಕೊಂಬು ದುರ್ಬಲ ಗುಣ. ತಂದೆ-ತಾಯಿ ಇಬ್ಬರಿಂದಲೂ ಕೊಂಬಿಲ್ಲದ ಗುಣ ಪಡೆದ ಹೋರಿಗೆ ಹುಟ್ಟುವ ಕರುಗಳಿಗೆಲ್ಲ ಕೊಂಬಿರುವುದಿಲ್ಲ. ಒಬ್ಬರಿಂದ ಮಾತ್ರ ಪಡೆದಿದ್ದರೆ, ಕೊಂಬಿನ ಹಸುಗಳಲ್ಲಿ ಅದಕ್ಕೆ ಹುಟ್ಟುವ ಕರುಗಳಲ್ಲಿ ಸುಮಾರು ಅರ್ಧಕ್ಕೆ ಕೊಂಬು ಬರುತ್ತದೆ. ನೋಡಲು ಎರಡೂ ಹೋರಿಗಳು ಒಂದೇ. ಯಾವುದು ಎಂತಹದ್ದೆಂದು ತಿಳಿಯಲು ಕರುಗಳು ಹುಟ್ಟುವವರೆಗೆ ಕಾಯುವುದೊಂದೇ ಉಪಾಯವಾಗಿತ್ತು.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶ ಬೇರೆಯೇ ಇದೆ. ಬೆರಳೆಣಿಕೆಯ ದನಗಳಿಂದ ವಂಶ ಬೆಳೆಸುವಾಗ ಬೇಕಾದ ಒಂದು ಗುಣದೊಡನೆ ಅವುಗಳ ಕೊರತೆಗಳೂ ಮುಂದಿನ ತಲೆಮಾರಿಗೆ ಹರಿಯುತ್ತವೆ. ಕೊಂಬಿಲ್ಲ ಎಂಬ ಒಂದೇ ಕಾರಣಕ್ಕೆ ಸಾಧಾರಣ ಕರುವನ್ನು ಬೀಜಕ್ಕೆ ಉಳಿಸಿಕೊಂಡು, ಮೈಕಟ್ಟು ಉತ್ತಮವಿದ್ದ ಕೊಂಬಿನ ಕರುವನ್ನು ಕಸಾಯಿಖಾನೆಗೆ ಕಳಿಸುವ ಪ್ರಲೋಭನೆ ಸಹಜ. ಕೊಂಬಿಲ್ಲದ ದನದ ಹಿಂಗಾಲಿನ ಮಾಂಸಖಂಡ ತೆಳು ಎಂಬ ಮಾತು ಹುಟ್ಟಿದ್ದು ಹೀಗೆ. ತಪ್ಪು ಆ ಗುಣದ್ದಲ್ಲ, ಆಯ್ಕೆಯ ಹರವು ಕಿರಿದಾದದ್ದು. ಕೊಂಬುಳ್ಳ ಹೆರೆಫರ್ಡ್‌ಗಳೂ ಈ ಅಪಾಯದಿಂದ ಹೊರತಾಗಿರಲಿಲ್ಲ. 1940 ಮತ್ತು 50ರ ದಶಕಗಳಲ್ಲಿ ಪ್ರದರ್ಶನಗಳಲ್ಲಿ ಗಿಡ್ಡ, ದುಂಡು ಮೈಯ ಹೋರಿಗಳೇ ಬಹುಮಾನ ಗೆಲ್ಲುತ್ತಿದ್ದವು. ಅವುಗಳ ಹಿಂದೆಯೇ ಕುಬ್ಜ ಕರುಗಳ ಪಿಡುಗು ಬಂತು. ಸುಪ್ತವಾಗಿದ್ದ ದೋಷ ಹೆಸರಾಂತ ವಂಶಗಳ ಮೂಲಕವೇ ಹರಡಿತ್ತು.

ಒಂದೇ ತಳಿಯ ಕೊಂಬಿನ ಮತ್ತು ಕೊಂಬಿಲ್ಲದ ಬಣಗಳು ದಶಕಗಳ ಕಾಲ ಬೇರೆ ಬೇರೆ ಸಂಘಗಳಾಗಿ ನಡೆದವು. ಕೊಂಬಿಲ್ಲದ ತಳಿಗಾರರು ಕೊಂಬಿನ ಬಣದ ಉತ್ತಮ ರಕ್ತವನ್ನು ಮತ್ತೆ ಮತ್ತೆ ಬೆರೆಸಿದಾಗಲೇ ಹಳೆಯ ಕೊರತೆ ತುಂಬತೊಡಗಿತು. 1995ರಲ್ಲಿ ಎರಡೂ ಸಂಘಗಳು ಒಂದಾದವು. ಈ ಗುಣ ದನದ ಒಂದನೆಯ ವರ್ಣತಂತುವಿನಲ್ಲಿದೆ ಎಂದು 1993ರಲ್ಲಿ ಗೊತ್ತಾಗಿತ್ತು. 2012ರಲ್ಲಿ ಅದಕ್ಕೆ ಕಾರಣವಾದ ಬದಲಾವಣೆಯೂ ಪತ್ತೆಯಾಯಿತು. ಕರುಗಳಿಗಾಗಿ ಕಾಯದೆ, ಕೂದಲ ಎಳೆಯಿಂದಲೇ ಹೋರಿಯ ಗುಣ ತಿಳಿಯುವುದು ಇಂದು ಸಾಧ್ಯ.

ಕಾಯುವ ತಾಳ್ಮೆಯಿಲ್ಲದವರು ಇನ್ನೂ ಮುಂದೆ ಹೋದರು. 2015ರಲ್ಲಿ ಅಮೆರಿಕದ ಕಂಪೆನಿಯೊಂದು ಹಾಲಿನ ತಳಿಯ ಜೀನನ್ನೇ ತಿದ್ದಿ ಕೊಂಬಿಲ್ಲದ ಎರಡು ಕರುಗಳನ್ನು ಪಡೆಯಿತು. 2019ರಲ್ಲಿ ಅಲ್ಲಿನ ಸರಕಾರಿ ವಿಜ್ಞಾನಿಗಳು ಮತ್ತೆ ಪರಿಶೀಲಿಸಿದಾಗ ಒಂದು ಹೋರಿಯಲ್ಲಿ ಯಾರೂ ಉದ್ದೇಶಿಸದ ಬ್ಯಾಕ್ಟೀರಿಯಾ ಮೂಲದ ಡಿಎನ್ಎ ತುಣುಕುಗಳು ಕಂಡುಬಂದವು.

ಕರುವಿನ ನೆತ್ತಿಗೆ ಬೆಂಕಿ ತಾಗದಿರಲಿ ಎಂಬ ಕಾಳಜಿ ದೊಡ್ಡದು. ಅದನ್ನು ಯಾರೂ ಅಲ್ಲಗಳೆಯಲಾರರು. ಆ ಕರುಣೆಯೊಡನೆ ತಾಳ್ಮೆಯೂ ಬೇಕೆಂಬುದೇ ಈ ಶತಮಾನದ ಅನುಭವದಿಂದ ನಾವು ಕಲಿಯಬೇಕಾದದ್ದು. ಬೀಜದ ಹೋರಿಯನ್ನು ಆರಿಸುವವನು ಅದರ ತಲೆಯನ್ನಷ್ಟೇ ನೋಡಿದರೆ ಸಾಲದು. ಇಡೀ ದನವನ್ನೂ ಅದರ ಹಿಂದಿನ ವಂಶವನ್ನೂ ನೋಡಬೇಕು.