ಬೀಡಿನ ಮನೆ ಮತ್ತು ಓಲೆಗರಿಯ ಕಟ್ಟು

ತುಳುನಾಡಿನ ಜೈನ ಅರಸುಮನೆತನಗಳಲ್ಲಿ ಚೌಟರದು ಅಗ್ರಗಣ್ಯವಾದುದು. ಪೋರ್ಚುಗೀಸರನ್ನು ಎದುರಿಸಿ ನಿಂತ ಉಳ್ಳಾಲದ ರಾಣಿ ಅಬ್ಬಕ್ಕದೇವಿ ಈ ವಂಶದವಳು. ಉಳ್ಳಾಲ, ಪುತ್ತಿಗೆಗಳಲ್ಲಿ ಆಳಿದ ಚೌಟರು ಕಾಲಾಂತರದಲ್ಲಿ ಮೂಡುಬಿದಿರೆಯಲ್ಲಿ ನೆಲೆಯೂರಿದರು. ಅಲ್ಲಿಯ ಅವರ ಅರಮನೆಯ ಮರದ ಕಂಬಗಳಲ್ಲಿ ಕಂಡರಿಸಿರುವ ನವನಾರೀಕುಂಜರ, ಪಂಚನಾರೀತುರಗಗಳು ಕಲಾವಿಮರ್ಶಕರ ಪ್ರಶಂಸೆಗೆ ಪಾತ್ರವಾಗಿವೆ. ಅರಮನೆಯೆಂಬ ಹೆಸರಿದ್ದರೂ ಇದು ಮೂಲತಃ ಒಂದು ಕುಟುಂಬದ ವಾಸದ ಮನೆ. ಅಳದಂಗಡಿಯ ಅಜಿಲರ, ಮೂಲ್ಕಿಯ ಸಾವಂತರ ಅರಮನೆಗಳ ಮಾತೂ ಇದೇ. ಇಂತಹ ಮನೆಗಳನ್ನು ಐತಿಹಾಸಿಕ ಸ್ಮಾರಕಗಳೆಂದು ಘೋಷಿಸಿ ರಕ್ಷಿಸುವ ವಿಚಾರ ಬಂದಾಗ ಹಸ್ತಪ್ರತಿಶಾಸ್ತ್ರದ ದೃಷ್ಟಿಯಿಂದ ಕೆಲವು ಸಂಗತಿಗಳು ಪರಿಶೀಲನಾರ್ಹವಾಗಿವೆ.

1958ರ ಕೇಂದ್ರ ಅಧಿನಿಯಮದ ಪ್ರಕಾರ ನೂರು ವರ್ಷಗಳಿಗೆ ಕಡಿಮೆಯಿಲ್ಲದ, ಐತಿಹಾಸಿಕ ಅಥವಾ ಕಲಾತ್ಮಕ ಮಹತ್ತ್ವವುಳ್ಳ ಕಟ್ಟಡವು ಪ್ರಾಚೀನ ಸ್ಮಾರಕವೆನಿಸುತ್ತದೆ. ರಾಷ್ಟ್ರೀಯ ಪ್ರಾಮುಖ್ಯದ್ದೆಂದು ಘೋಷಿಸುವ ಮುನ್ನ ಎರಡು ತಿಂಗಳ ತಿಳಿವಳಿಕೆ ಪತ್ರ ಹೊರಡಿಸಬೇಕು. ಆ ಅವಧಿಯಲ್ಲಿ ಆಸಕ್ತರು ಆಕ್ಷೇಪಣೆ ಸಲ್ಲಿಸಬಹುದು. ರಾಜ್ಯಮಟ್ಟದ ಸ್ಮಾರಕಗಳಿಗಾಗಿ 1961ರ ಕರ್ನಾಟಕ ಅಧಿನಿಯಮವಿದೆ. ಓಲೆಗರಿಯ ಗ್ರಂಥವಾದರೋ ಬೇರೊಂದು ಶಾಸನದ ವ್ಯಾಪ್ತಿಗೆ ಸೇರುತ್ತದೆ. 1972ರ ಪುರಾವಸ್ತು ಅಧಿನಿಯಮವು ಎಪ್ಪತ್ತೈದು ವರ್ಷಗಳಿಗೆ ಕಡಿಮೆಯಿಲ್ಲದ, ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯದ ಹಸ್ತಪ್ರತಿಯನ್ನು ಪುರಾವಸ್ತುವೆಂದು ಪರಿಗಣಿಸುತ್ತದೆ. ಹೀಗೆ ಗೋಡೆ ಕಂಬಗಳು ಒಂದು ದಫ್ತರಕ್ಕೂ ಅವುಗಳ ನಡುವೆ ತಲೆಮಾರುಗಳಿಂದ ಉಳಿದುಬಂದ ಗ್ರಂಥದ ಕಟ್ಟು ಇನ್ನೊಂದು ದಫ್ತರಕ್ಕೂ ಸೇರುತ್ತವೆ. ಎರಡಕ್ಕೂ ಇರುವ ಸಂಬಂಧವನ್ನು ಬರೆದಿಡುವ ಹೊಣೆ ಯಾರ ಮೇಲೂ ಬೀಳುವುದಿಲ್ಲ.

ಆ ಸಂಬಂಧ ಕ್ಷುಲ್ಲಕವಾದುದಲ್ಲ. ಜೈನ ಗೃಹಸ್ಥರು ನೋಂಪಿಗಳ ಉದ್ಯಾಪನೆಯಲ್ಲಿ ಶಾಸ್ತ್ರದಾನ ಮಾಡುವುದು ಪ್ರಾಚೀನ ಪದ್ಧತಿ. ಮೂಡುಬಿದಿರೆಯ ಮಹಾಬಂಧದ ಪ್ರತಿಯು ಶ್ರೀಪಂಚಮೀ ವ್ರತದ ಉದ್ಯಾಪನೆಗಾಗಿ ಮಲ್ಲಿಕಬ್ಬೆಯು ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದುದೆಂದು ಅದರ ಪ್ರಶಸ್ತಿಯಿಂದ ತಿಳಿದುಬರುತ್ತದೆ. ಸಿದ್ಧಾಂತಗ್ರಂಥಗಳು ಹೊರನಾಡಿಗೆ ಹೋದುದರಲ್ಲಿಯೂ ಒಂದು ಸಂಸಾರದ ಪಾಲಿದೆ. ಧವಲಾದಿಗಳ ಪ್ರತಿಲಿಪಿಗೆ ನಿಯುಕ್ತರಾಗಿದ್ದ ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಕನ್ನಡ ಲಿಪಿಯಲ್ಲಿ ಗುಪ್ತವಾಗಿ ಇನ್ನೊಂದು ಪ್ರತಿಯನ್ನು ಸಿದ್ಧಪಡಿಸಿದರು. ಅದು ಸಹಾರನಪುರದ ಲಾಲಾ ಜಂಬೂಪ್ರಸಾದರ ಕೈಸೇರಿತು. ಅದರಿಂದ ಹುಟ್ಟಿದ ಪ್ರತಿಗಳ ಆಧಾರದ ಮೇಲೆ ಹೀರಾಲಾಲ ಜೈನರು 1939ರಲ್ಲಿ ಷಟ್ಖಂಡಾಗಮದ ಪ್ರಥಮ ಸಂಪುಟವನ್ನು ಪ್ರಕಟಿಸಿದರು. ಆ ಕಾರ್ಯದ ಯುಕ್ತಾಯುಕ್ತತೆಯನ್ನು ಕುರಿತು ಪಂಡಿತರಲ್ಲಿ ಭಿನ್ನಾಭಿಪ್ರಾಯವಿರುವುದು ಸಹಜ. ಆದರೆ ಬಸದಿಯ ಭಂಡಾರಕ್ಕೂ ಅಚ್ಚಿನ ಮನೆಗೂ ನಡುವೆ ಗೃಹಸ್ಥರ ಮನೆಯೊಂದು ಇದ್ದಿತೆಂಬುದನ್ನು ಮರೆಯುವಂತಿಲ್ಲ.

ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ 1948ರಲ್ಲಿ ಪ್ರಕಟವಾದಂದಿನಿಂದ ಮೂಡುಬಿದಿರೆ, ಕಾರ್ಕಳಗಳ ಭಂಡಾರಗಳ ಸಂಪತ್ತು ವಿದ್ವಲ್ಲೋಕಕ್ಕೆ ಪರಿಚಿತವಾಗಿದೆ. ಮನೆಗಳಲ್ಲಿದ್ದ ಕಟ್ಟುಗಳಿಗೆ ಅಂತಹ ಭಾಗ್ಯ ದೊರೆತುದು ವಿರಳ.

ಈಗ ತೊಡಕಿನ ವಿಷಯಕ್ಕೆ ಬರಬೇಕು. ಬೀಡುಗಳು ಅಳಿಯಸಂತಾನದ ಕುಟುಂಬಗಳ ಆಸ್ತಿ. ಪೂರ್ವದಲ್ಲಿ ಎಲ್ಲ ಸದಸ್ಯರ ಒಪ್ಪಿಗೆಯಿಲ್ಲದೆ ಕುಟುಂಬದ ಆಸ್ತಿಯನ್ನು ಪಾಲು ಮಾಡುವಂತಿರಲಿಲ್ಲ. ಯಜಮಾನನು ಆಡಳಿತ ಮಾಡುವನೇ ಹೊರತು ಒಡೆಯನಲ್ಲ. 1949ರ ಮದ್ರಾಸು ಅಳಿಯಸಂತಾನ ಅಧಿನಿಯಮವು ಕವರುಗಳಿಗೆ ಪಾಲು ಕೇಳುವ ಹಕ್ಕನ್ನು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ಜೈನರಿಗೂ ಅನ್ವಯಿಸಿ, ಮೃತರ ಅಂಶವು ಅವರವರ ವಾರಸುದಾರರಿಗೆ ಹೋಗುವಂತಾಯಿತು. ಇದರಿಂದ ಹೆಂಗಸರಿಗೂ ಮಕ್ಕಳಿಗೂ ಆದ ನ್ಯಾಯವನ್ನು ಅಲ್ಲಗಳೆಯುವಂತಿಲ್ಲ. ಆದರೆ ಒಂದು ಚಾವಡಿಗೆ ಅನೇಕ ಹಕ್ಕುದಾರರಾದರು. 1958ರ ಅಧಿನಿಯಮವು ಸ್ಮಾರಕದ ಪಾಲನೆ, ಮಾರ್ಪಾಟಿನ ನಿರ್ಬಂಧ, ಸಾರ್ವಜನಿಕರ ಪ್ರವೇಶಗಳ ಬಗ್ಗೆ ಒಡೆಯನೊಡನೆ ಕರಾರು ಮಾಡಿಕೊಳ್ಳಲು ಅವಕಾಶವೀಯುತ್ತದೆ. ಊರೂರು ಚದುರಿದ ಹಕ್ಕುದಾರರಲ್ಲಿ ಆ ಕರಾರಿಗೆ ಸಹಿ ಹಾಕುವವರು ಯಾರು? ಇದಲ್ಲದೆ 2010ರ ತಿದ್ದುಪಡಿಯಂತೆ ಕೇಂದ್ರ ರಕ್ಷಿತ ಸ್ಮಾರಕದ ಸುತ್ತ ನೂರು ಮೀಟರುಗಳೊಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ ಇನ್ನೂರು ಮೀಟರುಗಳು ನಿಯಂತ್ರಣಕ್ಕೆ ಒಳಪಟ್ಟಿವೆ. ಅಂಗಳದಲ್ಲಿ ಮಗಳಿಗೊಂದು ಮನೆ ಕಟ್ಟಿಸಬೇಕೆಂದಿರುವ ಕುಟುಂಬವು ಘೋಷಣೆಗೆ ಅಂಜಿದರೆ ಅದನ್ನು ಅಜ್ಞಾನವೆನ್ನಲಾಗದು.

ಸ್ಥಳೀಯ ಮಟ್ಟದ ಕ್ರಮವು ಇದಕ್ಕಿಂತ ಸೌಮ್ಯವಾಗಿರಬಹುದು. ಮೈಸೂರಿನಲ್ಲಿ ಆರ್. ಕೆ. ನಾರಾಯಣರ ಮನೆಯನ್ನು ಕೆಡವಲು ತೊಡಗಿದಾಗ, 2011ರಲ್ಲಿ, ನಗರದ ಆಡಳಿತವೇ ತಡೆಯಿತು. 2016ರಲ್ಲಿ ಅದು ವಸ್ತುಸಂಗ್ರಹಾಲಯವಾಗಿ ತೆರೆಯಿತು. ಆದರೆ ಅದು ವಾಸವಿಲ್ಲದ ಮನೆ. ಬೀಡಿನಲ್ಲಿ ಸಂಸಾರವಿರುತ್ತದೆ, ಅನೇಕ ಕಡೆ ಜಿನಬಿಂಬದ ನಿತ್ಯಪೂಜೆಯೂ ದೈವದ ಸೇವೆಯೂ ನಡೆಯುತ್ತವೆ. ಅದನ್ನು ಬರಿದುಮಾಡಿ ಪ್ರದರ್ಶನಕ್ಕಿಟ್ಟರೆ ಕಂಬಗಳು ಉಳಿದಾವು, ಬೀಡು ಉಳಿಯದು.

ಆದುದರಿಂದ ಘೋಷಣೆಗಾಗಿ ಸಿದ್ಧಪಡಿಸುವ ವರದಿಯಲ್ಲಿ ಕೆತ್ತನೆಗಳ ವರ್ಣನೆಯೊಡನೆ ಇನ್ನೂ ಕೆಲವು ವಿವರಗಳು ಬರಬೇಕು. ಗ್ರಂಥದ ಪೆಟ್ಟಿಗೆಯಿದ್ದ ಸ್ಥಳವನ್ನು ಮನೆಯ ನಕ್ಷೆಯಲ್ಲಿ ಗುರುತಿಸಬೇಕು. ಕಟ್ಟುಗಳ ಸಂಖ್ಯೆ, ಗರಿಗಳ ಅಳತೆ, ಪುಷ್ಪಿಕೆಯಲ್ಲಿ ಬರುವ ದಾನಿ ಮತ್ತು ಲಿಪಿಕಾರರ ಹೆಸರುಗಳನ್ನು ಕುಟುಂಬದ ಸಂತತಿಯೊಡನೆ ಹೋಲಿಸಿ ಬರೆಯಬೇಕು. ಈಗಾಗಲೇ ಮಠಕ್ಕೆ ಒಪ್ಪಿಸಿದ ಕಟ್ಟುಗಳಿದ್ದರೆ ಅವು ಯಾವ ಮನೆಯಿಂದ ಬಂದುವೆಂಬುದು ಭಂಡಾರದ ಸೂಚಿಯಲ್ಲಿಯೂ ನಮೂದಾಗಬೇಕು. ಇದಕ್ಕೆ ಸರಕಾರದ ಆಜ್ಞೆಗಾಗಿ ಕಾಯಬೇಕಾಗಿಲ್ಲ. ಚರಸೊತ್ತುಗಳ ಪಟ್ಟಿಯಲ್ಲಿ ಹಂಡೆ, ದೀಪದ ಕಂಬಗಳನ್ನು ಎಣಿಸಿ ಬರೆಯುವ ಕುಟುಂಬವು ಓಲೆಯ ಕಟ್ಟುಗಳಿಗೂ ಒಂದು ಸಾಲನ್ನು ಸೇರಿಸಬಹುದು. ಅದು ಪಾಲುಪತ್ರಕ್ಕೆ ಸಹಿ ಬೀಳುವ ಮುನ್ನವೇ ಆಗಬೇಕು.