ಆರಾಧನೆ

ಧಾರವಾಡ ಸೀಮೆಯ ಪ್ರೊಟೆಸ್ಟಂಟ್ ಸಭೆಗಳಲ್ಲಿ ಭಾನುವಾರ ಸೇರಿ ಮಾಡುವ ಪ್ರಾರ್ಥನೆಗೆ ‘ಆರಾಧನೆ’ ಎನ್ನುತ್ತಾರೆ, ಆಡುಮಾತಿನಲ್ಲಿ ‘ಆರಾಧನಿ’. ಪದ ಸಂಸ್ಕೃತದ್ದು. ‘ರಾಧ್’ ಧಾತುವಿಗೆ ಸಿದ್ಧಿಸು ಎಂದರ್ಥ. ‘ಆ’ ಸೇರಿದರೆ ಒಲಿಸಿಕೊಳ್ಳು, ಸೇವಿಸು ಎಂದಾಗುತ್ತದೆ. ಮಾಧ್ವರಲ್ಲಿ ಇದೇ ಪದ ಗುರುಗಳ ಪುಣ್ಯದಿನಕ್ಕೆ ಸಲ್ಲುತ್ತದೆ. ರಾಯರ ಆರಾಧನೆ ಯಾರಿಗೆ ಗೊತ್ತಿಲ್ಲ!

1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದು ಈ ಸಭೆಗಳಿಗೆ ಬುನಾದಿ ಹಾಕಿದ ಬಾಸೆಲ್ ಮಿಶನ್ನಿನ ಬೇರು ಜರ್ಮನ್ ನಾಡಿನ ಪೈಯಟಿಸಂ ಎಂಬ ಭಕ್ತಿಪಂಥದಲ್ಲಿದೆ. ಬರೀ ಸಿದ್ಧಾಂತ ಒಪ್ಪಿದರೆ ಸಾಲದು, ಹೃದಯ ಕರಗಬೇಕು ಎಂಬುದು ಆ ಪಂಥದ ಹಟ. ವಚನ, ತತ್ವಪದ, ಭಜನೆಗಳ ಈ ನೆಲಕ್ಕೆ ಅದು ಹೊಸ ಮಾತೇನಲ್ಲ. ಆ ಮಿಶನ್ನಿನ ಕಿಟೆಲ್ 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲೇ ಹೇಳಿದರು. ಹಾಡಿಗೆ ಒಗ್ಗುವ ಧರ್ಮ ಎದೆಗೂ ಬೇಗ ಇಳಿಯುತ್ತದೆ.

ಹೃದಯ ಮೊದಲು ಎಂಬ ಈ ಮಾತು ಬೈಬಲಿನಲ್ಲೂ ಇದೆ. ಯೋಹಾನನ ಸುವಾರ್ತೆಯ 4ನೇ ಅಧ್ಯಾಯದಲ್ಲಿ ಸಮಾರ್ಯದ ಹೆಣ್ಣುಮಗಳು ಬಾವಿಯ ಬಳಿ ಕೇಳುವುದು ಪೂಜೆಗೆ ಸರಿಯಾದ ಜಾಗ ಯಾವುದೆಂದು. ಯೇಸುವಿನ ಉತ್ತರ ಜಾಗದ ವಾದವನ್ನು ದಾಟಿ ಆರಾಧಿಸುವವರ ಅಂತರಂಗಕ್ಕೆ ಹೋಗುತ್ತದೆ. ಸತ್ಯವನ್ನೂ ಅದು ಬಿಡುವುದಿಲ್ಲ. ಸಿದ್ಧಾಂತ ಬೇಡವೆಂದಲ್ಲ, ಅದು ಎರಡನೆಯದು.

ಹಳ್ಳಿಯ ಸಭೆಗಳಲ್ಲಿ ಮಕ್ಕಳಿಗೆ ಸಿದ್ಧಾಂತದ ಪ್ರಶ್ನೋತ್ತರ ಬಾಯಿಪಾಠ ಮಾಡಿಸುವ ಹಿರಿಯರು ಮೊದಲು ‘ಆರಾಧನೆ’ ಎಂಬ ಪದದ ಅರ್ಥ ಹೇಳಿಕೊಡಲಿ.