‘ನಾಳೆಯಿಂದ ಬಿಡ್ತೀನಿ’: ತಂಬಾಕು ಬಿಡಲು ಒಳ್ಳೆಯ ದಿನಕ್ಕೆ ಕಾಯಬೇಕೇ?

‘ಅಮಾವಾಸ್ಯೆ ಕಳೆಯಲಿ’, ‘ಮೈಲಾಪುರ ಜಾತ್ರೆ ಮುಗೀಲಿ’, ‘ಯುಗಾದಿಯಿಂದ ಪಕ್ಕಾ’. ಗುಟ್ಕಾ, ಬೀಡಿ, ತಂಬಾಕು ಬಿಡುವ ಮಾತು ಬಂದಾಗಲೆಲ್ಲ ನಮ್ಮ ಕಡೆ ಕೇಳಿಬರುವ ಉತ್ತರಗಳಿವು. ಇದಕ್ಕೆ ಬೆಂಬಲವಾಗಿ ವಾಟ್ಸಾಪ್‌ನಲ್ಲೂ ಸಂದೇಶಗಳು ಓಡಾಡುತ್ತಿರುತ್ತವೆ. ಅವುಗಳಲ್ಲಿ ಎಷ್ಟು ನಿಜ ಎಂದು ನೋಡೋಣ.

ಹೇಳಿಕೆ 1: ಹಳೆಯ ಚಟವನ್ನು ಒಮ್ಮೆಲೇ ಬಿಟ್ಟರೆ ದೇಹಕ್ಕೆ ಅಪಾಯ

ತಂಬಾಕಿನ ಮಟ್ಟಿಗೆ ಇದು ತಪ್ಪು. ಬಿಟ್ಟಾಗ ಸಿಟ್ಟು, ತಲೆನೋವು, ನಿದ್ದೆಗೇಡು, ಚಡಪಡಿಕೆ ಬರುವುದು ನಿಜ. ಮಿದುಳು ನಿಕೋಟಿನ್‌ಗೆ ಒಗ್ಗಿಕೊಂಡಿರುವುದೇ ಇದಕ್ಕೆ ಕಾರಣ. ಮೊದಲ ಎರಡು–ಮೂರು ದಿನ ಈ ಕಾಟ ಜೋರಾಗಿರುತ್ತದೆ, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ತಗ್ಗುತ್ತದೆ. ಇದು ಕಷ್ಟ, ಆದರೆ ಪ್ರಾಣಾಪಾಯವಲ್ಲ.

ಇಂಗ್ಲೆಂಡಿನಲ್ಲಿ 697 ಧೂಮಪಾನಿಗಳ ಮೇಲೆ ನಡೆದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಎಲ್ಲರೂ ಎರಡು ವಾರದಾಚೆಯ ಒಂದು ದಿನ ಗೊತ್ತುಮಾಡಿಕೊಂಡರು. ಅರ್ಧ ಜನ ಅಲ್ಲಿಯವರೆಗೆ ದಿನದಿನಕ್ಕೆ ಕಡಿಮೆ ಮಾಡುತ್ತ ಬಂದರು, ಉಳಿದವರು ಆ ದಿನ ಒಮ್ಮೆಲೇ ನಿಲ್ಲಿಸಿದರು. ನಾಲ್ಕು ವಾರದ ನಂತರ ಒಮ್ಮೆಲೇ ಬಿಟ್ಟವರಲ್ಲಿ ಶೇ. 49 ಜನ ಸಿಗರೇಟಿನಿಂದ ದೂರ ಉಳಿದಿದ್ದರೆ, ನಿಧಾನವಾಗಿ ಬಿಟ್ಟವರಲ್ಲಿ ಶೇ. 39 ಜನ ಮಾತ್ರ ಉಳಿದಿದ್ದರು.

ಎಚ್ಚರಿಕೆ: ಇದೇ ಮಾತು ಸಾರಾಯಿಗೆ ಅನ್ವಯಿಸುವುದಿಲ್ಲ. ದಿನವೂ ವಿಪರೀತ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಕುತ್ತಾಗಬಹುದು. ಅವರು ಇಂದೇ ಮಾಡಬೇಕಾದ ಕೆಲಸ ವೈದ್ಯರನ್ನು ಕಾಣುವುದು.

ಹೇಳಿಕೆ 2: 21 ದಿನ ಬಿಟ್ಟರೆ ಚಟ ತಾನೇ ಹೋಗುತ್ತದೆ

ಈ ಲೆಕ್ಕದ ಮೂಲ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ ಬರೆದ ಪುಸ್ತಕ. ಶಸ್ತ್ರಚಿಕಿತ್ಸೆಯಾದವರಿಗೆ ತಮ್ಮ ಹೊಸ ಮುಖ ರೂಢಿಯಾಗಲು ಕನಿಷ್ಠ ಸುಮಾರು 21 ದಿನ ಬೇಕಾಗುತ್ತದೆ ಎಂದಿದ್ದರು ಅವರು. ಆ ‘ಕನಿಷ್ಠ’ ಎಂಬ ಪದ ಬಾಯಿಂದ ಬಾಯಿಗೆ ಹೋಗುತ್ತ ಕಳೆದುಹೋಯಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊಸ ಅಭ್ಯಾಸವೊಂದು ಮೈಗೂಡಲು ಸರಾಸರಿ 66 ದಿನ ಬೇಕು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕೆಂಬ ಅಂದಾಜು ಸಿಕ್ಕಿತು. ನಡುವೆ ಒಂದು ದಿನ ತಪ್ಪಿದರೂ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ. ಹಾಗಾಗಿ 22ನೇ ದಿನವೂ ಬಾಯಿ ಬಯಸಿದರೆ ‘ನನ್ನಿಂದ ಆಗಲ್ಲ’ ಎಂದು ಕೈಚೆಲ್ಲಬೇಕಿಲ್ಲ.

ಹೇಳಿಕೆ 3: ಒಳ್ಳೆಯ ದಿನ ನೋಡಿ ಬಿಟ್ಟರೇ ನಿಲ್ಲುವುದು

ಇದರಲ್ಲಿ ಅರ್ಧ ಸತ್ಯವಿದೆ. ಸೋಮವಾರ, ತಿಂಗಳ ಮೊದಲ ದಿನ, ಹೊಸ ವರ್ಷ ಬಂದಾಗ ಜನರಲ್ಲಿ ಬದಲಾಗುವ ಹುಮ್ಮಸ್ಸು ಹೆಚ್ಚುವುದನ್ನು ಸಂಶೋಧನೆಗಳೂ ಗುರುತಿಸಿವೆ. ದಿನ ಗೊತ್ತುಮಾಡುವುದನ್ನು ವೈದ್ಯರೂ ಒಪ್ಪುತ್ತಾರೆ, ಆದರೆ ಅದು ಎರಡು ವಾರದೊಳಗಿರಬೇಕು ಎನ್ನುತ್ತಾರೆ. ನಾಲ್ಕು ತಿಂಗಳಾಚೆಯ ಹಬ್ಬ ಸಿದ್ಧತೆಯಲ್ಲ, ಮುಂದೂಡುವ ನೆಪ.

ಕೊಂಕಲ್, ಶಹಾಪುರ, ಸುರಪುರದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಬಿದ್ದು ಹದ ಬಂದ ಹೊಲ ಮುಂದಿನ ವಾರದವರೆಗೆ ಕಾಯುವುದಿಲ್ಲ. ಮನಸ್ಸಿನ ಹದವೂ ಹಾಗೆಯೇ. ಹಿಂದೆ ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರೆ ದೆವ್ವ ಓದಿಕೊಂಡು ವಾಪಸ್ ಹೋಗುತ್ತದೆ ಎಂಬ ನಂಬಿಕೆಯಿತ್ತು. ನಾವು ಅದೇ ಫಲಕವನ್ನು ನಮ್ಮ ಒಳ್ಳೆಯ ನಿರ್ಧಾರಕ್ಕೆ ತೋರಿಸುತ್ತಿದ್ದೇವೆ.

ಇಂದೇ ಬಿಟ್ಟರೆ ಏನು ಲಾಭ?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಧೂಮಪಾನ ನಿಲ್ಲಿಸಿದ 20 ನಿಮಿಷದಲ್ಲಿ ಹೃದಯ ಬಡಿತ ಮತ್ತು ರಕ್ತದೊತ್ತಡ ಇಳಿಯುತ್ತವೆ. 12 ಗಂಟೆಯಲ್ಲಿ ರಕ್ತದಲ್ಲಿನ ಕಾರ್ಬನ್ ಮಾನಾಕ್ಸೈಡ್ ಸಹಜ ಮಟ್ಟಕ್ಕೆ ಬರುತ್ತದೆ. ಒಂದು ವರ್ಷದಲ್ಲಿ ಹೃದ್ರೋಗದ ಅಪಾಯ ಸೇದುವವರಿಗಿಂತ ಸುಮಾರು ಅರ್ಧಕ್ಕಿಳಿಯುತ್ತದೆ. ಈ ಗಡಿಯಾರ ಕೊನೆಯ ಬೀಡಿ ಆರಿದ ಮೇಲಷ್ಟೇ ಶುರುವಾಗುತ್ತದೆ.

ಜಗಿಯುವವರಿಗೂ ಇದು ಅಷ್ಟೇ ಮುಖ್ಯ. 2016–17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಭಾರತದ ವಯಸ್ಕರಲ್ಲಿ ಸೇದುವವರು ಶೇ. 10.7 ಇದ್ದರೆ, ಹೊಗೆರಹಿತ ತಂಬಾಕು ಬಳಸುವವರು ಶೇ. 21.4 ಇದ್ದರು. ಬಾಯಿ ಕ್ಯಾನ್ಸರ್‌ಗೆ ಇದು ದೊಡ್ಡ ಕಾರಣ. ತಂಬಾಕು ಬಿಟ್ಟು ‘ಬರೀ ಅಡಿಕೆ’ ಹಾಕಿಕೊಂಡರೂ ಸುರಕ್ಷಿತವಲ್ಲ. ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ.

ಹಾಗಾದರೆ ಇಂದು ಏನು ಮಾಡಬೇಕು?

• ಕಿಸೆ, ಗಾಡಿ, ಹಾಸಿಗೆಯ ಕೆಳಗೆ ಇರುವ ಚೀಟಿಗಳನ್ನೆಲ್ಲ ಎಸೆಯಿರಿ.
• ‘ಊಟವಾದ ಮೇಲೆ ಬಯಕೆಯಾದರೆ ಬಡೇಸೋಪು ಹಾಕಿಕೊಳ್ಳುತ್ತೇನೆ’ ಎಂದು ಮೊದಲೇ ಗೊತ್ತುಮಾಡಿ. ‘ಹೀಗಾದರೆ ಹೀಗೆ ಮಾಡುತ್ತೇನೆ’ ಎಂಬ ಯೋಜನೆ ಬರೀ ಸಂಕಲ್ಪಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ.
• ಬಯಕೆ ಬಂದಾಗ ನೀರು ಕುಡಿಯಿರಿ, ನಾಲ್ಕು ಹೆಜ್ಜೆ ಓಡಾಡಿ. ಸಾಮಾನ್ಯವಾಗಿ ಅದು ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ.
• ಮನೆಯವರಿಗೆ, ಜೊತೆಗೆ ಕೂತು ಹಾಕಿಕೊಳ್ಳುವ ಗೆಳೆಯರಿಗೆ ಬಾಯಿಬಿಟ್ಟು ಹೇಳಿ.
• ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿ. ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಇದರ ಕೇಂದ್ರಗಳಲ್ಲೊಂದು.

ನಮ್ಮ ತೀರ್ಮಾನ: ತಂಬಾಕು ಬಿಡಲು ಮುಹೂರ್ತ ಬೇಕಿಲ್ಲ. ಹಿಂದೆ ಬಿಟ್ಟು ಮತ್ತೆ ಹಿಡಿದವರೂ ಮತ್ತೊಮ್ಮೆ ಬಿಡಬಹುದು. ‘ನಾಳೆ ಎಂದವನ ಮನೆ ಹಾಳು’ ಎಂಬ ಗಾದೆ ಎಲ್ಲರಿಗೂ ಗೊತ್ತು. ಈ ಲೇಖನವನ್ನು ಬೇರೆಯವರಿಗೆ ಕಳಿಸಿ, ಆದರೆ ನೀವೇ ಬಿಡಬೇಕಾದವರಾಗಿದ್ದರೆ ಮೊದಲು ಆ ನಂಬರಿಗೆ ಕರೆ ಮಾಡಿ.